ಒದ್ದೆ ಬಟ್ಟೆಯವರು

"ನಿಲ್ಲಿ, ಅಲ್ಲೇ ನಿಲ್ಲಿ!" ಎಂದು ಚರ್ಚಿನ ಉಪದೇಶಿ ದೇವಸಹಾಯಪ್ಪನವರು ಸಮಾಧಿ ತೋಟದ ಗೇಟನ್ನು ಒಳಗಿನಿಂದ ಒತ್ತಿ ಹಿಡಿದರು.

ಹೊರಗೆ ಮಾಗಿಯ ಮಂಜಿನಲ್ಲಿ ಊರಿನ ಗಂಡಸರು, ಹೆಂಗಸರು ನಿಂತಿದ್ದರು. ಎಲ್ಲರೂ ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು. ಸೀರೆ ಪಂಚೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೈಯಲ್ಲಿ ಬೇವಿನ ಸೊಪ್ಪು. ಆ ಬಿಳಿ ಬೆಳಕಿನಲ್ಲಿ ಅವರು ಆಗಷ್ಟೇ ಕೆರೆಯೊಳಗಿಂದ ಎದ್ದು ಬಂದವರ ಹಾಗೆ ಕಂಡರು. ಹೆಂಗಸರು ಮಸಣಕ್ಕೆ ಬರುವುದು ಆ ಊರಿನಲ್ಲಿ ಹಿಂದೆಂದೂ ನಡೆದದ್ದಲ್ಲ.

"ಇದೇನಮ್ಮಾ ಬೈರಮ್ಮಾ, ಈ ವೇಷ?"

"ನಿಮ್ ದೇವ್ರ ಜಾಗ ಅಲ್ವಾ ಅಯ್ನೋರೆ, ಒಣ ಬಟ್ಟೇಲಿ ಹೆಂಗ್ ಬರೋದು? ಅದಕ್ಕೇ ಎಲ್ರೂ ಮುಳುಗಿ ಬಂದ್ವಿ."

"ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ. ಆ ಬೇವು ಯಾಕೆ?"

"ಅಕ್ಕನ ಮೈಮೇಲೆ ಹಾಕೋಕೆ."

ಉಪದೇಶಿಯವರ ಮುಖ ಬಿಗಿಯಿತು. ಅವರ ಹಿಂದೆ ಮುಚ್ಚಳ ಹಾಕದ ಪೆಟ್ಟಿಗೆಯಲ್ಲಿ ರಾಹೇಲಮ್ಮ ಮಲಗಿದ್ದಳು. ಮಕ್ಕಳಿಲ್ಲದ ವಿಧವೆ. ವೇಮಗಲ್ ಕಡೆಯ ಈ ಊರಿನಲ್ಲಿದ್ದ ಬೆರಳೆಣಿಕೆಯ ಕ್ರೈಸ್ತರಲ್ಲಿ ಒಬ್ಬಳು. ಅವಳಿಗೂ ಉಪದೇಶಿಯವರಿಗೂ ನಡುವೆ ಬೇವು ಅಡ್ಡ ಬಂದು ವರ್ಷಗಳೇ ಆಗಿದ್ದವು.

"ಬೇವು ಬಿಸಾಕಿದ್ರೆ ಗೇಟು ತೆಗೀತೀನಿ. ಇಲ್ದಿದ್ರೆ ನಿಮ್ಮನ್ನ ಬಿಟ್ಟೇ ಮಣ್ಣು ಮಾಡ್ತೀವಿ."

ಬೈರಮ್ಮ ಕದಲಲಿಲ್ಲ. "ಬೇವಿಲ್ದೆ ಅವಳು ನಮ್ಮನೆ ಹೊಸ್ತಿಲು ದಾಟ್ಲಿಲ್ಲ. ಬೇವಿಲ್ದೆ ನಾನ್ ಹೆಂಗ್ ಕಳಿಸ್ಲಿ?"

*

ಅದು ಮಹಾಯುದ್ಧಕ್ಕೂ ಮುಂಚಿನ, ಹದಿನೈದು ವರ್ಷಗಳ ಹಿಂದಿನ ಬೇಸಿಗೆ. ಊರಿಗೆ ಸಿಡುಬು ಬಿದ್ದಿತ್ತು. ಸಿಡುಬು ಎಂದು ಬಾಯಿಬಿಡುವಂತಿಲ್ಲ, ಅಮ್ಮ ಬಂದಿದ್ದಾಳೆ ಎನ್ನಬೇಕು. ಬೈರಮ್ಮನ ಪುಟ್ಟ ಮಗಳು ಅನಸೂಯ ಬಾಳೆಯೆಲೆಯ ಮೇಲೆ ಬಿದ್ದು ನರಳುತ್ತಿದ್ದಳು. ನೆಂಟರಿಷ್ಟರು ಬೀದಿಯನ್ನೂ ತುಳಿಯಲಿಲ್ಲ. ಬಂದವಳು ರಾಹೇಲಮ್ಮ ಒಬ್ಬಳೇ.

"ಒಣ ಬಟ್ಟೇಲಿ ಒಳಗೆ ಬರ್ಬೇಡ ಕಣಕ್ಕಾ, ಅಮ್ಮ ಮುನೀತಾಳೆ" ಎಂದು ಬೈರಮ್ಮ ಒಳಗಿನಿಂದಲೇ ಅತ್ತಳು.

ರಾಹೇಲಮ್ಮ ವಾದಕ್ಕೆ ಇಳಿಯಲಿಲ್ಲ. ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು, ಬೇವಿನ ಕೊಂಬೆ ಮುರಿದು ಹಿಡಿದು ಬಂದಳು. ಆಮೇಲೆ ಮಗುವಿಗೆ ಗಾಳಿ ಬೀಸುತ್ತ, ಗಂಜಿ ಕುಡಿಸುತ್ತ ಕುಳಿತಳು. ಅಲ್ಲಿಂದ ಪಕ್ಕದ ಮನೆ, ಅಲ್ಲಿಂದ ಹಿಂದಿನ ಬೀದಿ. ಜ್ವರದಲ್ಲಿ ಮುಳುಗಿದ್ದ ಮಕ್ಕಳಿಗೆ ಅವಳು ಕನಸಿನಲ್ಲಿ ಬಂದು ಹೋದಂತಿತ್ತು. ತಣ್ಣನೆಯ ಒಂದು ಕೈ, ಒದ್ದೆ ಸೆರಗು, ಎಲೆಗಳ ಸರಸರ ಸದ್ದು.

ಸುದ್ದಿ ಉಪದೇಶಿಯವರಿಗೆ ಮುಟ್ಟಿತು.

"ಮಾರಮ್ಮನ ಬೇವು ಹಿಡಿದ್ಯಂತೆ. ಅಲ್ಲಿ ಯೇಸುಸ್ವಾಮಿ ಹೆಸರಾದ್ರೂ ಹೇಳಿದ್ಯಾ?"

"ಇಲ್ಲ ಅಯ್ಯಾ. ಮಗು ನೀರು ಕೇಳ್ತು. ಕೊಟ್ಟೆ."

ಅಂದಿನಿಂದ ಚರ್ಚಿನಲ್ಲಿ ಎಲ್ಲರೂ ಹಂಚಿಕೊಳ್ಳುವ ಕರ್ತನ ಭೋಜನದ ರೊಟ್ಟಿಯೂ ದ್ರಾಕ್ಷಾರಸದ ಪಾತ್ರೆಯೂ ಅವಳನ್ನು ದಾಟಿ ಮುಂದೆ ಹೋಗತೊಡಗಿದವು. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ, ದೂರಲೂ ಇಲ್ಲ. ಆರಾಧನೆ ಮುಗಿದ ಮೇಲೆ ಕಸ ಗುಡಿಸಿ ಮನೆಗೆ ಹೋಗುತ್ತಿದ್ದಳು. ದೇವಸಹಾಯಪ್ಪನವರು ಕೆಟ್ಟವರಲ್ಲ. ಹಿಡಿದ ಹಟ ಬಿಡಲು ಬಾರದವರು, ಅಷ್ಟೆ.

*

"ಚಳೀಲಿ ನಡುಗ್ತಾ ನಿಂತವ್ರೆ ಅಯ್ನೋರೆ" ಎಂದ, ಗುಂಡಿ ತೋಡಿದ್ದ ಮುನಿರಾಮಪ್ಪ.

ಉಪದೇಶಿಯವರು ಕೇಳಿಸದವರಂತೆ ಗೇಟಿಗೆ ಅಗುಳಿ ಹಾಕಿ ಪ್ರಾರ್ಥನೆ ಪುಸ್ತಕ ಬಿಡಿಸಿದರು. ಗೇಟಿನ ಆಚೆಯಿಂದ ಬೈರಮ್ಮನ ದನಿ ಬಂತು. "ನಮ್ ಭಯಕ್ಕೆ ಅವಳು ನೆಂದ್ಲು. ಅದಕ್ಕೆ ನಿಮ್ ದೇವ್ರು ಅವಳ್ನ ಒಲ್ಲೆ ಅಂದ್ನಾ ಅಯ್ನೋರೆ?"

ಉಪದೇಶ ಮಾಡಿಯೇ ತಲೆ ನರೆತವರು ಪುಸ್ತಕ ಮುಚ್ಚಿದರು. ಅವರ ಕೈ ತಾನಾಗಿ ಅಗುಳಿ ಸರಿಸಿತು.

ಒದ್ದೆ ಹೆಜ್ಜೆಗಳು ಸದ್ದಿಲ್ಲದೆ ಒಳಗೆ ಬಂದವು. ಬೈರಮ್ಮ ಬೇವಿನ ಎಸಳನ್ನು ರಾಹೇಲಮ್ಮನ ಎದೆಯ ಮೇಲಿಟ್ಟಳು. ಯಾರೂ ತಡೆಯಲಿಲ್ಲ. ಪ್ರಾರ್ಥನೆ ಮುಗಿಯಿತು, ಪೆಟ್ಟಿಗೆ ಕೆಳಗಿಳಿಯಿತು. ಎಷ್ಟೋ ಸಾವುಗಳಲ್ಲಿ ಹೇಳಿ ಹೇಳಿ ನಾಲಿಗೆಗೆ ಹತ್ತಿದ್ದ ಮಾತು ಅಭ್ಯಾಸಬಲದಿಂದ ಉಪದೇಶಿಯವರ ಬಾಯಿಂದ ಹೊರಬಿತ್ತು.

"ಮಕ್ಕಳು ಮುಂದೆ ಬಂದು ಮೊದಲ ಮಣ್ಣು ಹಾಕಿ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು.

ಅನಸೂಯ ಕಂಕುಳಲ್ಲಿದ್ದ ಕೂಸನ್ನು ತಾಯಿಗೆ ಕೊಟ್ಟು ಮುಂದೆ ಬಂದಳು. ಬಾಗಿ ಹಿಡಿ ಮಣ್ಣು ತೆಗೆದುಕೊಂಡಳು. ಅವಳ ಹಿಂದೆ, ಒಂದು ಕಣ್ಣು ಹೋಗಿದ್ದ ಪಕ್ಕದ ಮನೆಯ ನರಸಿಂಹಪ್ಪ. ಅವನ ಹಿಂದೆ ಇನ್ನೊಬ್ಬಳು, ಮತ್ತೊಬ್ಬ. ಮಂಜು ನಿಧಾನವಾಗಿ ಕರಗುತ್ತಿತ್ತು. ಕಂಡ ಮುಖಗಳಲ್ಲೆಲ್ಲ ಸಿಡುಬಿನ ಕಲೆಗಳು. ಸಾಲು ಗೇಟು ದಾಟಿ, ಕೊಯ್ಲಾದ ರಾಗಿ ಹೊಲದ ಬದುವಿನವರೆಗೂ ನಿಂತಿತ್ತು.