ಬಿಚ್ಚುವ ಮೊದಲು ಹದಿನೈದು ನಿಮಿಷ

ಪುಟದಮ್ಮನ ಕಂಪ್ಯೂಟರ್ ಮುದಿ ಎತ್ತಿನಂತಾಗಿ ವರ್ಷವಾಗಿತ್ತು. ಮುದ್ರಣಾಲಯದವರು ಕಳಿಸುವ ಪುಸ್ತಕಗಳ ಪುಟಗಳನ್ನು ಮನೆಯಲ್ಲೇ ಕೂತು ಜೋಡಿಸಿಕೊಡುವುದು ಅವಳ ಕೆಲಸ. ಬೀದಿಯವರು ಇಟ್ಟ ಹೆಸರೂ ಅದರಿಂದಲೇ ಬಂದದ್ದು. ಮುದ್ರಣಾಲಯ ಈಚೆಗೆ ಚಿತ್ರ ತುಂಬಿದ ಮಕ್ಕಳ ಪುಸ್ತಕಗಳನ್ನು ಹಿಡಿದ ಮೇಲೆ, ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಅವಳು ಎದ್ದು ಹೋಗಿ ಹಾಲು ಕಾಯಿಸಿಕೊಂಡು ಬರಬಹುದಿತ್ತು.

"ಇಡೀ ಡಬ್ಬ ಬದಲಾಯಿಸೋದು ಬೇಡಮ್ಮ, ಅದರ ತಲೆ, ಪ್ರೊಸೆಸರ್ ಒಂದು ಬದಲಾಯಿಸಿದ್ರೆ ಸಾಕು," ಎಂದ ಕಂಪ್ಯೂಟರ್ ಅಂಗಡಿಯವನು.

ಅವಳು ಗಾಜಿನ ಕಪಾಟಿನಲ್ಲಿದ್ದ ಎಲ್ಲಕ್ಕಿಂತ ಅಗ್ಗದ ಪೆಟ್ಟಿಗೆಗೆ ಕೈ ಹಾಕಿದಳು. ಅವನು ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದು ಒಳಗಿಟ್ಟ.

"ಇದು ಅಗ್ಗ ಯಾಕೆ ಗೊತ್ತಾ? ಇದರೊಳಗೆ ಚಿತ್ರ ತೋರಿಸೋ ಭಾಗ ಇಲ್ಲ. ನಿಮ್ಮ ಹತ್ರ ಬೇರೆ ಗ್ರಾಫಿಕ್ಸ್ ಕಾರ್ಡೂ ಇಲ್ಲ. ಫ್ಯಾನ್ ಏನೋ ತಿರುಗುತ್ತೆ, ಪರದೆ ಮಾತ್ರ ಕಪ್ಪಗೇ ಇರುತ್ತೆ. ಆ ಭಾಗವೂ ಇರೋ ಹೊಸದು ಬೇಕು ಅಂದ್ರೆ ನಿಮ್ಮ ಕೈಗೆ ಎಟುಕಲ್ಲ." ಅವನು ಒಂದು ಹಳೆಯ ರಸೀದಿಯ ಹಿಂದೆ ವಿಳಾಸ ಬರೆದ. "ಇಲ್ಲಿ ಒಂದು ಇದೆ. ನಿಮ್ಮ ಮದರ್‌ಬೋರ್ಡಿಗೆ ಸರಿಯಾಗಿ ಕೂರುತ್ತೆ. ಇಟ್ಟುಕೊಂಡಿದ್ದ ಹುಡುಗ ನನ್ನ ಗಿರಾಕಿ. ಹೋಗಿಬಿಟ್ಟ, ಪಾಪ. ಅವನ ಅಕ್ಕ ಮಾರ್ತಿದ್ದಾಳೆ."

ಜೊತೆಗೆ ಬಂದಿದ್ದ, ಗ್ಯಾರೇಜಿನಲ್ಲಿ ಲಾರಿ ಬಿಚ್ಚುವ ಗಂಡ ನಕ್ಕ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. "ಗಿರಾಕಿನ ಆಚೆ ಕಳಿಸ್ತೀಯಲ್ಲ ಮಾರಾಯ, ಅಂಗಡಿ ಹೇಗೆ ನಡೆಸ್ತೀಯ?"

"ನಡೀತಾ ಇಲ್ವಲ್ಲ, ನೋಡ್ತಾ ಇದ್ದೀರಲ್ಲ," ಎಂದು ಅಂಗಡಿಯವನು ಪ್ರೊಸೆಸರಿನ ಮೇಲೆ ಹಚ್ಚುವ ಪೇಸ್ಟಿನ ಒಂದು ಪುಟ್ಟ ಕೊಳವೆಯನ್ನು ದುಡ್ಡು ತೆಗೆದುಕೊಳ್ಳದೆ ಅವಳ ಕೈಯಲ್ಲಿಟ್ಟ. "ಒಂದು ಮಾತು ನೆನಪಿಟ್ಕೊಳ್ಳಿ. ಪ್ರೊಸೆಸರ್ ಮೇಲೆ ಅದನ್ನ ತಂಪಾಗಿಡೋ ಕೂಲರ್ ಇರುತ್ತಲ್ಲ, ಅದನ್ನ ತಣ್ಣಗಿದ್ದಾಗ ಕೀಳಬೇಡಿ. ವರ್ಷಗಟ್ಟಲೆ ಆದ ಮೇಲೆ ಮಧ್ಯದ ಪೇಸ್ಟ್ ಗಟ್ಟಿಯಾಗಿರುತ್ತೆ, ಪ್ರೊಸೆಸರೂ ಜೊತೇಲೇ ಕಿತ್ಕೊಂಡು ಬರುತ್ತೆ, ಅಡಿಯ ಕೂದಲಿನಂಥ ಕಾಲುಗಳು ಬಾಗಿಹೋಗ್ತವೆ. ಹದಿನೈದು ನಿಮಿಷ ಓಡಿಸಿ. ಬಿಸಿಯಾಗಲಿ. ಆಮೇಲೆ ಆರಿಸಿ, ತಿರುಗಿಸಿ ಎತ್ತಿ."

"ಇಂಜಿನ್ ಬಿಸಿ ಮಾಡಿ ಎಣ್ಣೆ ಇಳಿಸಿದ ಹಾಗೆ," ಎಂದ ಮೇಸ್ತ್ರಿ.

ಆ ವಿಳಾಸದ ಮನೆ ಮೂರನೆಯ ಮಹಡಿಯಲ್ಲಿತ್ತು. ಐವತ್ತರ ಆಸುಪಾಸಿನ ಹೆಂಗಸು ಬಾಗಿಲು ತೆರೆದಳು. ಮಾತು ಕಡಿಮೆ. ಕುಡಿಯಲು ನೀರು ಕೊಟ್ಟಳು. ಮೇಸ್ತ್ರಿ ಮೆಟ್ಟಿಲು ಹತ್ತಿ ಏದುಸಿರು ಬಿಡುವುದನ್ನು ಕಂಡು, ಕೇಳದೆಯೇ ಎರಡನೆಯ ಲೋಟ ತಂದಿಟ್ಟಳು. ನಡುಮನೆಯ ಪಕ್ಕದ ಕೋಣೆಯನ್ನು ಕೈಯಲ್ಲಿ ತೋರಿಸಿ, ತಾನು ಮಾತ್ರ ಹೊಸ್ತಿಲಾಚೆಯೇ ನಿಂತಳು.

ಕೋಣೆ ಚೊಕ್ಕವಾಗಿತ್ತು. ಕುರ್ಚಿಯನ್ನು ಮೇಜಿನೊಳಕ್ಕೆ ಪೂರ್ತಿ ಸೇರಿಸಲಾಗಿತ್ತು, ಇನ್ನು ಯಾರೂ ಕೂರಬಾರದೆಂಬಂತೆ. ಕಂಪ್ಯೂಟರಿನ ಮೇಲೆ ಮಡಿಸಿದ ಸೀರೆ ಹೊದಿಸಿತ್ತು. ಪ್ಲಗ್ ಕಿತ್ತು, ತಂತಿಯನ್ನು ಸುತ್ತಿ, ದಾರದಿಂದ ಮೂರು ಗಂಟು ಹಾಕಲಾಗಿತ್ತು.

ಮೇಸ್ತ್ರಿ ಗಂಟು ಬಿಚ್ಚತೊಡಗಿದ.

"ಪ್ಲಗ್ ಹಾಕ್ಬೇಡಿ!" ಎಂದಳು ಅಕ್ಕ.

"ಕೆಲಸ ಮಾಡುತ್ತಾ ಅಂತ ನೋಡ್ಬೇಕಲ್ಲಮ್ಮ."

"ಮಾಡುತ್ತೆ. ಅವನು ಹೋದ ದಿನವೂ ಮಾಡ್ತಿತ್ತು. ಆಗದಿದ್ರೆ ದುಡ್ಡು ವಾಪಸ್ ಕೊಡ್ತೀನಿ. ಹಾಗೇ ಬಿಚ್ಕೊಂಡು ಹೋಗಿ."

ಮೇಸ್ತ್ರಿ ಹೆಂಡತಿಯ ಮುಖ ನೋಡಿದ. ದುಃಖದ ಮನೆಯಲ್ಲಿ ವಾದ ಮಾಡುವ ಜಾಯಮಾನ ಅವನದಲ್ಲ. ಪಕ್ಕದ ಮುಚ್ಚಳ ತೆಗೆದ, ತಿರುಪು ಸಡಿಲಿಸಿದ, ಕೂಲರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ನೋಡಿದ. ಕಲ್ಲಿಗೆ ಕಚ್ಚಿದ ಉಡ. ಇನ್ನೊಂದು ಸಲ ಪ್ರಯತ್ನಿಸಿದ. ಒಳಗೆಲ್ಲೋ ಕಿರ್ರೆಂದಿತು. ಕೈ ತೆಗೆದುಬಿಟ್ಟ.

"ಇನ್ನೊಂದು ಚೂರು ಬಲ ಹಾಕಿದ್ರೆ ಕಾಲು ಮುರ್ಕೊಂಡು ಬರುತ್ತೆ. ಆಮೇಲೆ ನಿಮಗೂ ಇಲ್ಲ, ನಮಗೂ ಇಲ್ಲ. ಹದಿನೈದು ನಿಮಿಷ ಓಡಿಸದೆ ಇದು ಬರಲ್ಲಮ್ಮ." ತಿರುಪುಗಳನ್ನು ಮತ್ತೆ ಬಿಗಿ ಮಾಡಿದ.

"ಬೇಡ ಬಿಡಿ, ರೀ. ಹೋಗೋಣ," ಎಂದಳು ಪುಟದಮ್ಮ. ಸೋಮವಾರದೊಳಗೆ ಪುಸ್ತಕ ಮುಗಿಸದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆಂದು ಗೊತ್ತಿತ್ತು. ಆದರೂ ಎದ್ದಳು.

ಅಕ್ಕ ಬಾಗಿಲು ಬಿಟ್ಟು ಅಲ್ಲಾಡಲಿಲ್ಲ.

"ಪ್ಲಗ್ ಕಿತ್ತಿಟ್ಟಿದ್ದೀನಿ, ನೋಡಿದ್ರಲ್ಲ?" ಎಂದಳು. "ಆದ್ರೂ ಮಧ್ಯಾಹ್ನ ಮೂರು ಗಂಟೆ ಆಯ್ತು ಅಂದ್ರೆ ಗೋಡೆ ಆಚೆಯಿಂದ ಅದರ ಸದ್ದು ಕೇಳುತ್ತೆ. ಬಂದು ನೋಡಿದ್ರೆ ಏನೂ ಇರಲ್ಲ. ಅದರ ತಲೆ ತೆಗೆಸಿಬಿಟ್ರೆ ಸುಮ್ಮನಾಗುತ್ತೇನೋ ಅಂದ್ಕೊಂಡೆ."

ಮೇಸ್ತ್ರಿ ನಗಲಿಲ್ಲ. ಪುಟದಮ್ಮ ಮತ್ತೆ ಕೂತಳು.

"ನಾನೇ ಸಾಕಿದ್ದು ಅವನನ್ನ," ಎಂದಳು ಅಕ್ಕ. "ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಅವತ್ತು ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ, ನೀನೇನು ನಮ್ಮಮ್ಮನಾ ಅಂದುಬಿಟ್ಟ. ಮೂರು ಗಂಟೆ ಹೊತ್ತಿಗೆ ಈ ಕೋಣೆಯಿಂದ ಕರೆದ. ಅಕ್ಕಾ ಅಂತ. ಎರಡು ಸಲ. ನಾನು ಓಗೊಡಲಿಲ್ಲ. ಹೋಗಿ ನಿಮ್ಮಮ್ಮನ್ನೇ ಕರಿ ಅಂತ ಮನಸ್ಸಲ್ಲೇ ಅಂದ್ಕೊಂಡೆ. ಒಂದು ಗಂಟೆ ಬಿಟ್ಟು ಬಂದೆ. ಕುರ್ಚಿಗೆ ಒರಗಿದ್ದ. ಕಂಪ್ಯೂಟರ್ ಅಷ್ಟರಲ್ಲಿ ತಾನೇ ಪರದೆ ಆರಿಸಿಕೊಂಡು ಮಲಗಿತ್ತು. ಡಾಕ್ಟರು ಹೃದಯ ಅಂದ್ರು."

ಅಕ್ಕ ಹೊಸ್ತಿಲಿನಿಂದಲೇ ಕಂಪ್ಯೂಟರಿನ ಕಡೆ ಬೆರಳು ತೋರಿಸಿದಳು.

"ಪ್ಲಗ್ ಕಿತ್ತಿದ್ರೂ, ಮತ್ತೆ ಹಚ್ಚಿದ್ರೆ ಅದು ತೆರೆದಿದ್ದನ್ನೆಲ್ಲ ಉಳಿಸ್ಕೊಂಡು ಮಲಗಿದಲ್ಲಿಂದಲೇ ಏಳುತ್ತಂತೆ. ಅಂಗಡಿಯವರು ಹೇಳಿದ್ರು. ಅದರಲ್ಲಿ ನನಗೆ ಅಂತ ಏನಾದ್ರೂ ಬರೆದಿದ್ರೆ? ಅವನು ಕರೆದದ್ದು ನೋವಿಗೇ ಆಗಿದ್ರೆ?"

ಪುಟದಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಪರದೆ ನನ್ನ ಕಡೆಗೆ ತಿರುಗಿಸ್ಕೊಳ್ತೀನಿ ಅಕ್ಕ. ನಾನೊಬ್ಬಳೇ ನೋಡ್ತೀನಿ. ನೀವು ಹೇಳು ಅಂದ್ರೆ ಹೇಳ್ತೀನಿ. ಬೇಡ ಅಂದ್ರೆ ನನ್ನ ಹೊಟ್ಟೆಯಲ್ಲೇ ಇರುತ್ತೆ."

ಅಕ್ಕ ಬಹಳ ಹೊತ್ತು ಯೋಚಿಸಿದಳು. ಆಮೇಲೆ ತಾನೇ ಒಳಗೆ ಬಂದು ಉಳಿದ ಗಂಟು ಬಿಚ್ಚಿಕೊಟ್ಟು, ಮತ್ತೆ ಹೊಸ್ತಿಲಾಚೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಗುಂಡಿ ಒತ್ತಿದೊಡನೆ ಫ್ಯಾನ್ ದೂಳು ಕೊಡವಿಕೊಂಡು ಗೊರಗೊರ ಎಂದಿತು. ಆಮೇಲೆ ಉಸಿರು ಹದಕ್ಕೆ ಬಂತು. ಹೊರಗೆ ಅಕ್ಕ ಗೋಡೆಗೆ ಅಂಗೈ ಊರಿದಳು. ಪರದೆ ಬೆಳಗಿತು. ವರ್ಷದ ಹಿಂದಿನ ಆ ಮಧ್ಯಾಹ್ನ, ಮೌಸಿನ ಬಾಣದ ಗುರುತೂ ಅಲುಗದೆ, ಇದ್ದಲ್ಲೇ ಇತ್ತು.

ಪುಟದಮ್ಮ ನೋಡಿದಳು. ಮೇಸ್ತ್ರಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿ ಕಿಟಕಿಯ ಹತ್ತಿರ ಹೋದ. ಐದು ನಿಮಿಷವಾಯಿತು. ಎಂಟಾಯಿತು.

"ಬರೆದಿದ್ದಾನಾ?" ಹೊರಗಿನಿಂದ ದನಿ ಬಂತು.

"ಇಲ್ಲ ಅಕ್ಕ. ಪತ್ರ ಇಲ್ಲ."

"ಮತ್ತೇನಿದೆ?"

"ಹೇಳ್ಲಾ?"

"...ಹೇಳಿ."

"ಚಪ್ಪಲಿ. ಹೆಂಗಸರದ್ದು. ಕಂದು ಬಣ್ಣ, ಹಿಂದೆ ಪಟ್ಟಿ ಇದೆ. ಕೊಳ್ಳೋಕೆ ಅಂತ ಆರಿಸಿಟ್ಟಿದ್ದಾನೆ. ಅಳತೆ ಹಾಕೋ ಜಾಗ ಖಾಲಿ ಇದೆ."

ಅಕ್ಕ ಒಳಗೆ ಬಂದಳು. ಪರದೆಯನ್ನು ನೋಡಿದಳು, ಬಗ್ಗಿ ತನ್ನ ಬರಿಗಾಲುಗಳನ್ನು ನೋಡಿಕೊಂಡಳು. ಹಿಮ್ಮಡಿ ಒಡೆದ ಪಾದಗಳು.

"ಇದಕ್ಕೇ ಕರೆದನಾ? ಅಳತೆ ಕೇಳೋಕೆ?"

ಹೌದು ಎಂದುಬಿಡುವುದು ಸುಲಭವಿತ್ತು. ಪುಟದಮ್ಮನ ನಾಲಿಗೆಯ ತುದಿಗೆ ಆ ಮಾತು ಬಂದೂ ಇತ್ತು. ಆದರೆ ಒಂದು ಸಲ ಅಳತೆಗೆ ಕರೆದು, ಇನ್ನೊಂದು ಸಲ ಬೇರೆಯದಕ್ಕೆ ಕರೆದಿದ್ದರೆ? ಈ ಹೆಂಗಸು ಮುಂದೆ ದಿನವೂ ಆ ಉತ್ತರವನ್ನು ತಿರುವಿ ಹಾಕಿ ನೋಡುತ್ತಾಳೆ. ಸುಳ್ಳಾದರೆ ಎಲ್ಲೋ ಒಂದು ಕಡೆ ಕಿರ್ರೆನ್ನುತ್ತದೆ.

"ನನಗೆ ಗೊತ್ತಿಲ್ಲ ಅಕ್ಕ," ಎಂದಳು. "ಇದ್ರೂ ಇರಬಹುದು. ಅಳತೆ ಒಂದೇ ಬಾಕಿ ಇದ್ದದ್ದು, ಅದಂತೂ ನಿಜ."

ಅಕ್ಕ ತಲೆಯಾಡಿಸಿದಳು. ಕುರ್ಚಿಯನ್ನು ಈಚೆಗೆಳೆದು ಅದರ ತುದಿಯಲ್ಲಿ ಕೂತಳು.

"ತೆಗೆದ ಮೇಲೆ ಇದು ಉಳಿಯುತ್ತಾ?"

"ಇಲ್ಲ. ಎಲ್ಲ ಮುಚ್ಚಿ ಆರಿಸಲೇಬೇಕು. ನಿಮಗೆ ಬೇಕಾದ್ರೆ ಹೀಗೇ ಇರಲಿ ಅಕ್ಕ. ನಾವು ಬೇರೆ ಕಡೆ ನೋಡ್ಕೊಳ್ತೀವಿ."

"ಮೊಬೈಲಲ್ಲಿ ಫೋಟೋ ಹಿಡಿದುಕೊಡ್ಲಾ?" ಎಂದ ಮೇಸ್ತ್ರಿ, ಕಿಟಕಿಯಾಚೆ ನೋಡುತ್ತಲೇ.

ಅಕ್ಕ ಬೇಡವೆಂದು ಕೈಯಾಡಿಸಿದಳು. ಹದಿನೈದು ನಿಮಿಷ ಎಂದೋ ದಾಟಿತ್ತು. ಪುಟದಮ್ಮ ಗಡಿಯಾರ ನೋಡಲಿಲ್ಲ, ಮೇಸ್ತ್ರಿಯೂ ನೋಡಲಿಲ್ಲ. ಬಿಸಿ ಗಾಳಿ ಡಬ್ಬದ ಹಿಂದಿನಿಂದ ಬಂದು ಅಕ್ಕನ ಸೀರೆಯ ನೆರಿಗೆಯನ್ನು ಸಣ್ಣಗೆ ಅಲುಗಿಸುತ್ತಿತ್ತು.

"ಐದು," ಎಂದಳು ಅಕ್ಕ ಕೊನೆಗೆ. ಇವರಿಬ್ಬರಿಗೆ ಹೇಳಿದ್ದಲ್ಲ. "ಐದು ಕಣೋ. ಅಮ್ಮಂದೂ ಐದೇ ಇತ್ತು."

ಆಮೇಲೆ ಎಲ್ಲಿ ಒತ್ತಬೇಕೆಂದು ಪುಟದಮ್ಮನನ್ನು ಕೇಳಿ, ತನ್ನ ಕೈಯಾರೆ ಆರಿಸಿದಳು.

ಮೇಸ್ತ್ರಿ ಪ್ಲಗ್ ಕಿತ್ತು, ತಿರುಪು ಸಡಿಲಿಸಿ, ಕೂಲರನ್ನು ಅತ್ತ ಒಂದು ಕೂದಲೆಳೆ, ಇತ್ತ ಒಂದು ಕೂದಲೆಳೆ ತಿರುಗಿಸಿದ. ನಿದ್ದೆಗಣ್ಣಿನ ಮಗು ಬೆರಳು ಬಿಟ್ಟ ಹಾಗೆ ಅದು ಬಿಟ್ಟುಕೊಂಡಿತು. ಸಣ್ಣ ಹಿಡಿಕೆಯೆತ್ತಿ ಪ್ರೊಸೆಸರನ್ನು ತೆಗೆದು ಬೆಳಕಿಗೆ ಹಿಡಿದ. ಕಾಲುಗಳೆಲ್ಲ ನೆಟ್ಟಗಿದ್ದವು.

ಪುಟದಮ್ಮ ದುಡ್ಡನ್ನು ಮೇಜಿನ ಮೇಲಿಟ್ಟಳು. ಅಕ್ಕ ಅದರ ಕಡೆ ನೋಡಲೂ ಇಲ್ಲ. ಪ್ರೊಸೆಸರಿಗೆ ಏಟಾಗದಿರಲೆಂದು ಒಂದು ಹಳೆಯ ಕನ್ನಡಕದ ಪೆಟ್ಟಿಗೆ ಹುಡುಕಿ ತಂದು, ಒಳಗೆ ಹತ್ತಿ ಹಾಸಿಕೊಟ್ಟಳು. "ಅದಕ್ಕೆ ಏನೂ ನೆನಪಿರಲ್ಲ ಅಲ್ವಾ?" ಎಂದು ಕೇಳಿದಳು.

"ಇರಲ್ಲ ಅಕ್ಕ. ಕರೆಂಟು ಹೋದ್ರೆ ಅದು ಬರೀ ಲೋಹ."

"ಹಾಗಾದ್ರೆ ಇನ್ನು ಸದ್ದು ಬರಬಾರದು," ಎಂದು ಬಾಗಿಲು ಹಾಕಿಕೊಂಡಳು.

ಪೆಟ್ಟಿಗೆ ಪುಟದಮ್ಮನ ಅಂಗೈಗೆ ಇನ್ನೂ ಬೆಚ್ಚಗಿತ್ತು. ನಾಲ್ಕೈದು ಮೆಟ್ಟಿಲು ಇಳಿದಿದ್ದರು. ಮುಂದಿದ್ದ ಮೇಸ್ತ್ರಿ ತಟ್ಟನೆ ನಿಂತ.

"ಕೇಳಿಸ್ತಾ?"

"ಏನು?"

ಅಷ್ಟರಲ್ಲಿ ಅವಳಿಗೂ ಕೇಳಿಸಿತು. ಮುಚ್ಚಿದ ಬಾಗಿಲಾಚೆ ಅಕ್ಕನ ದನಿ. ಅಳುವಿನದಲ್ಲ, ತನಗೆ ತಾನೇ ಆಡಿಕೊಳ್ಳುವುದೂ ಅಲ್ಲ. ಕೆಲಸದ ನಡುವೆ ಪಕ್ಕದ ಕೋಣೆಯಿಂದ ಯಾರೋ ಕರೆದಾಗ ಓಗೊಡುವ ದನಿ.

"ಏನೋ? ಬಂದೆ ಇರು."

ಇಬ್ಬರೂ ಕಂಬಿ ಹಿಡಿದು ನಿಂತರು. ಮೇಲೆ ಬರಿಗಾಲ ಹೆಜ್ಜೆಗಳು ಅವಸರವಿಲ್ಲದೆ ಆ ಕೋಣೆಯ ಕಡೆಗೆ ನಡೆದವು.