ಹನ್ನೊಂದು ಗಂಟೆಯ ಹಾಸಿಗೆ

ಮಗಳು ನಾಲ್ಕು ದಿನದ ಮಟ್ಟಿಗೆ ನಾನಿರುವ ಊರು ನೋಡಲು ಬಂದಿದ್ದಳು. ಇಲ್ಲೇ ಉಳಿದು ಒಂಬತ್ತನೇ ತರಗತಿಗೆ ಸೇರುತ್ತಾಳೋ, ತಿರುಗಿ ನನ್ನ ಅಕ್ಕನ ಮನೆಗೇ ಹೋಗುತ್ತಾಳೋ ಎನ್ನುವುದು ಭಾನುವಾರ ಮಧ್ಯಾಹ್ನ ಒಂದು ಗಂಟೆಯ ಬಸ್ಸು ಹೊರಡುವುದರೊಳಗೆ ಇತ್ಯರ್ಥವಾಗಬೇಕಿತ್ತು. ಶಾಲೆಗೆ ಅರ್ಜಿ ಕೊಡಲು ಸೋಮವಾರ ಕಡೆಯ ದಿನ. ಅರ್ಜಿ ತುಂಬಿಸಿ ಮೇಜಿನ ಮೇಲೆ ಇಟ್ಟಿದ್ದೆ. ಅವಳು ಸಹಿ ಹಾಕುವ ಜಾಗ ಮಾತ್ರ ಖಾಲಿ ಉಳಿದಿತ್ತು.

ಅವಳಮ್ಮ ತೀರಿಹೋದಾಗ ಅವಳಿಗೆ ಎಂಟು ವರ್ಷ. "ನೀನು ಮೊದಲು ಎಲ್ಲಾದ್ರೂ ನೆಲೆ ನಿಲ್ಲು, ಮಗು ನನ್ನ ಹತ್ರ ಇರ್ಲಿ" ಎಂದು ಅಕ್ಕ ಕರೆದುಕೊಂಡು ಹೋದಳು. ನೆಲೆ ನಿಲ್ಲುವುದಕ್ಕೆ ನನಗೆ ಆರು ವರ್ಷ ಹಿಡಿಯಿತು.

ಸಮುದ್ರದ ಎದುರಿಗೇ ಇರುವ ಏಳು ಮಹಡಿಯ ಕಟ್ಟಡದಲ್ಲಿ, ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡುವ ಒಂಬತ್ತು ಮನೆಗಳನ್ನು ಒಪ್ಪ ಮಾಡುವುದು ನನ್ನ ಕೆಲಸ. ಇದ್ದವರು ಹನ್ನೊಂದಕ್ಕೆ ಖಾಲಿ ಮಾಡುತ್ತಾರೆ, ಹೊಸಬರು ಮೂರಕ್ಕೆ ಬರುತ್ತಾರೆ. ನಡುವಿನ ನಾಲ್ಕು ಗಂಟೆ ನನ್ನದು. ನಾನು ಇರುವುದು ಅಲ್ಲಿಂದ ಅರ್ಧ ಗಂಟೆ ಬಸ್ಸಿನ ದಾರಿಯಲ್ಲಿ, ಒಂದು ಕೋಣೆ, ಒಂದು ಅಡುಗೆಕಟ್ಟೆ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ನೀರಿನ ಕೊಳವೆಗಳು ಕಾಣುತ್ತವೆ.

ಶುಕ್ರವಾರ ರಜೆ ಸಿಗಲಿಲ್ಲ. ಅವಳನ್ನೂ ಕೆಲಸಕ್ಕೆ ಕರೆದೊಯ್ದೆ. ಬಟ್ಟೆ ಒಗೆಯುವ ವಿಭಾಗದ ಹೆಂಗಸನ್ನು ನಾವೆಲ್ಲ ಮೈಕಕ್ಕ ಅನ್ನುತ್ತೇವೆ. ಅವಳು ನೆಲಮಾಳಿಗೆಯಲ್ಲಿ ಪಿಸುಗುಟ್ಟಿದರೆ ಏಳನೇ ಮಹಡಿಗೆ ಕೇಳಿಸುತ್ತದೆ.

"ಓಹೋ, ಇವಳೇನಾ ನಿನ್ನ ಮಗಳು? ದಿನಾ ಇವಳ ಫೋಟೋ ತೋರಿಸಿ ತೋರಿಸಿ ನನ್ನ ಕಣ್ಣು ಸವೆದೋಯ್ತು. ಏನಮ್ಮಾ, ನಿಮ್ಮಪ್ಪ ಮನೇಲೂ ಹಾಸಿಗೆ ಇಸ್ತ್ರಿ ಮಾಡಿದ ಹಾಗೆ ಹಾಸ್ತಾನಾ?"

"ಹೂಂ ಆಂಟಿ. ಮಲಗೋಕೇ ಭಯ ಆಗುತ್ತೆ."

ಇಬ್ಬರೂ ನಕ್ಕರು. ನಾನೂ ನಕ್ಕೆ.

ಅವತ್ತು ನಾಲ್ಕನೇ ಮಹಡಿಯಲ್ಲಿ ಒಂದು ಸಂಸಾರ ಹನ್ನೊಂದೂಕಾಲಾದರೂ ಏಳುವ ಲಕ್ಷಣ ತೋರಿಸಲಿಲ್ಲ. ನಾನು ನಮಸ್ಕಾರ ಮಾಡಿ ಒಳಗೆ ಹೋಗಿ, ಮಲಗುವ ಕೋಣೆಯ ಹಾಸಿಗೆಯಿಂದ ಚಾದರ ಎಳೆಯತೊಡಗಿದೆ. ಎರಡೇ ನಿಮಿಷದಲ್ಲಿ ಅವರು ಪೆಟ್ಟಿಗೆ ಎಳೆದುಕೊಂಡು ಲಿಫ್ಟಿನ ಹತ್ತಿರ ನಿಂತಿದ್ದರು.

"ಇದೇನಪ್ಪ, ಹೀಗೆ ಓಡಿಸಿಬಿಟ್ಟೆ?" ಎಂದಳು ಮಗಳು.

"ಓಡಿಸಲಿಲ್ಲ ಕಣೆ. ಹೊರಡಿ ಅಂತ ನಾವು ಬಾಯಿ ಬಿಟ್ಟು ಹೇಳೋ ಹಾಗಿಲ್ಲ. ಹಾಸಿಗೆ ಬಿಚ್ಚಿದ್ರೆ ಅವರಿಗೇ ಅರ್ಥ ಆಗುತ್ತೆ."

ಅವಳು "ಭಲೇ" ಎಂದು ತಲೆಯಾಡಿಸಿದಳು.

ಉಳಿದ ಹೊತ್ತಿನಲ್ಲೆಲ್ಲ ಊರು ತೋರಿಸಿದೆ. ಊರೇನೋ ತೋರಿಸುವಂಥದ್ದೇ. ದಂಡೆಯುದ್ದಕ್ಕೂ ನಡೆಯುವವರಿಗೆ ಬೇರೆ ದಾರಿ, ಸೈಕಲ್ಲಿಗೆ ಬೇರೆ ದಾರಿ. ನೂರು ಹೆಜ್ಜೆಗೊಂದು ಕುಡಿಯುವ ನೀರಿನ ನಲ್ಲಿ, ಮರಳು ತೊಳೆದುಕೊಳ್ಳಲು ಶವರು. ಗ್ರಂಥಾಲಯಕ್ಕೆ ಮೂರು ಅಂತಸ್ತು, ಮಕ್ಕಳಿಗೇ ಒಂದು ಅಂತಸ್ತು. ಈಜುಕೊಳ, ಆಸ್ಪತ್ರೆ, ಹತ್ತು ನಿಮಿಷಕ್ಕೊಂದು ಬಸ್ಸು. ಒಂದೊಂದನ್ನೂ ಬಾಡಿಗೆಗೆ ಬಂದವರಿಗೆ ಹೇಳುವ ಧಾಟಿಯಲ್ಲೇ ಹೇಳಿದೆ. ಯಾವುದು ಎಷ್ಟು ಗಂಟೆಗೆ ತೆರೆಯುತ್ತದೆ ಎನ್ನುವುದನ್ನೂ ಬಿಡಲಿಲ್ಲ.

"ಅಪ್ಪ, ನೀನು ಈ ಲೈಬ್ರರಿಗೆ ಬರ್ತೀಯಾ?"

"ನನಗೆಲ್ಲಿ ಪುರಸೊತ್ತು."

"ಈಜುಕೊಳಕ್ಕೆ?"

"ಅದೆಲ್ಲ ನಿನ್ನಂಥವರಿಗೆ."

"ಹಾಗಾದ್ರೆ ನೀನು ಈ ಊರಲ್ಲಿ ಎಲ್ಲಿರ್ತೀಯ?"

ಬಸ್ಸು ಬಂತು ಎಂದು ಅವಸರ ಮಾಡಿದೆ. ಸಂಜೆ ಅಕ್ಕ ಫೋನು ಮಾಡಿ, "ಏನಂತಾಳೋ?" ಎಂದಳು. ಆ ಮಾತಿನಲ್ಲಿ ಆಸೆ ಯಾವ ಕಡೆಗಿದೆ ಎಂದು ನನಗೆ ತಿಳಿಯದೆ ಇರಲಿಲ್ಲ. "ಅವಳಿಷ್ಟ ಅಕ್ಕ. ನಾನು ಬಲವಂತ ಮಾಡಲ್ಲ" ಎಂದೆ. ಮಗಳಿಗೂ ಅದನ್ನೇ ಹೇಳುತ್ತ ಬಂದಿದ್ದೆ. ನಿನ್ನಿಷ್ಟ ಕಣಮ್ಮ. ಊಟದ ಹೊತ್ತಿಗೆ, ಬಸ್ಸಿನಲ್ಲಿ, ದೀಪ ಆರಿಸುವಾಗ. ಹಾಗೆ ಹೇಳುವುದು ದೊಡ್ಡತನ ಎಂದೇ ನಂಬಿದ್ದೆ. ಹೇಳಿದಾಗಲೆಲ್ಲ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಭಾನುವಾರ ಮೈಕಕ್ಕನಿಗೆ ಹೇಳಿ ಎರಡು ಗಂಟೆಯವರೆಗೆ ಬಿಡುವು ಮಾಡಿಕೊಂಡಿದ್ದೆ. ಹತ್ತಕ್ಕೆ ಮಗಳು ಚಪ್ಪಲಿ ಮೆಟ್ಟಿದಳು.

"ಒಂದು ಸುತ್ತು ಹೋಗಿ ಬರ್ತೀನಿ."

"ಎಲ್ಲಿಗೆ? ನಾನೂ ಬರ್ತೀನಿ ಇರು."

"ಬೇಡ."

ಮೇಜಿನ ಮೇಲಿನ ಅರ್ಜಿ ಹಾಗೇ ಇತ್ತು. ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ. ಕುದಿಯಲು ನೀರಿಟ್ಟು, ಯಾಕಿಟ್ಟೆ ಎಂದು ಮರೆತು ಒಲೆ ಆರಿಸಿದೆ. ನಾಲ್ಕು ದಿನದಲ್ಲಿ ಏನೇನು ತಪ್ಪು ಮಾಡಿದೆ ಎಂದು ಎಣಿಸತೊಡಗಿದೆ. ಆಗ ದಿನದಂತೆ ಮೊಬೈಲಿನಲ್ಲಿ ಹನ್ನೊಂದರ ಅಲಾರಂ ಹೊಡೆಯಿತು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ. ಕೆಲಸ ಸಿಕ್ಕಿತಲ್ಲ ಎಂದು ಕೈಗಳಿಗೆ ಸಮಾಧಾನವಾಗಿರಬೇಕು. ಅವಳ ಮಂಚದ ಚಾದರ ಎಳೆದು ಮುದ್ದೆ ಮಾಡಿದೆ, ದಿಂಬಿನ ಚೀಲ ಕಳಚಿದೆ. ಕುರ್ಚಿಯ ಮೇಲಿದ್ದ ಅವಳ ಬಟ್ಟೆಗಳನ್ನು ಮಡಿಸಿ, ಅವಳ ಚೀಲದೊಳಗೆ ಸೇರಿಸಿ, ಜಿಪ್ ಎಳೆದು ಬಾಗಿಲ ಪಕ್ಕ ನಿಲ್ಲಿಸಿದೆ. ಹಲ್ಲುಜ್ಜುವ ಬ್ರಷ್ಷನ್ನೂ ಬಿಡಲಿಲ್ಲ, ಪಕ್ಕದ ಜೇಬಿಗೆ ತುರುಕಿದೆ. ಕೊಳೆ ಬಟ್ಟೆ ಹಾಕಲು ತಳ್ಳುಗಾಡಿ ಎಲ್ಲಿ ಎಂದು ಸುತ್ತ ನೋಡಿದಾಗ ಎಚ್ಚರವಾಯಿತು. ಅಷ್ಟರಲ್ಲಿ ಬಾಗಿಲು ತೆರೆಯಿತು.

ಅವಳು ಬಾಗಿಲಲ್ಲೇ ನಿಂತಳು. ಬರಿಯ ಹಾಸಿಗೆ ನೋಡಿದಳು, ಚೀಲ ನೋಡಿದಳು, ನನ್ನ ಕಂಕುಳಲ್ಲಿದ್ದ ಚಾದರ ನೋಡಿದಳು. ಬಿಸಿಲಲ್ಲಿ ನಡೆದು ಕೆಂಪಾಗಿದ್ದ ಮುಖ ಬಿಳಿಚಿಕೊಂಡಿತು.

"ಸರಿ ಅಪ್ಪ. ಅರ್ಥ ಆಯ್ತು."

"ಅಯ್ಯೋ, ಅದಲ್ಲ ಕಣೆ. ಹನ್ನೊಂದಾಯ್ತಲ್ಲ, ಅಲಾರಂ ಹೊಡೀತು, ಕೈ ತಾನಾಗೇ..."

"ಕೈ ತಾನಾಗೇ ನನ್ನ ಬ್ರಷ್ಷು ಕೂಡ ತುಂಬ್ತಾ?"

"ದಿನಾ ಇದೇ ಕೆಲಸ ಅಲ್ವೇನೆ. ತಲೆ ಎಲ್ಲೋ ಇತ್ತು."

"ನಿನ್ನಿಷ್ಟ ನಿನ್ನಿಷ್ಟ ಅಂತ ನಾಲ್ಕು ದಿನ ಹೇಳ್ದೆ. ಬಾಯಿ ಬಿಟ್ಟು ಹೇಳೋ ಹಾಗಿಲ್ಲ ಅಂತ ಶುಕ್ರವಾರ ನೀನೇ ಹೇಳಿದ್ದು. ಎಲ್ಲಿಗೆ ಹೋಗಿದ್ದೆ ಗೊತ್ತಾ ನಾನು? ಶಾಲೆ ಎಷ್ಟು ದೂರ ಅಂತ ನಡೆದು ನೋಡೋಕೆ. ಇಪ್ಪತ್ತೆರಡು ನಿಮಿಷ."

ಚೀಲ ಎತ್ತಿಕೊಂಡಳು. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಸಮಯವಿತ್ತು. ಆದರೆ ಅವಳು ಹೊಸ್ತಿಲು ದಾಟಲು ಎರಡು ಹೆಜ್ಜೆಯೂ ಉಳಿದಿರಲಿಲ್ಲ. ನನಗೆ ಗೊತ್ತಿದ್ದ ಮಾತುಗಳೆಲ್ಲ ಹೋಗುವವರನ್ನು ಕಳಿಸುವ ಮಾತುಗಳು. ಮತ್ತೆ ಬನ್ನಿ, ಜೋಪಾನ, ಏನೂ ಮರೆತಿಲ್ಲ ತಾನೇ. ಇರು ಎಂದು ನಾನು ಯಾರಿಗಾದರೂ ಹೇಳಿ ಎಷ್ಟು ವರ್ಷವಾಗಿತ್ತೋ. ಕಡೆಯ ಸಲ ಹೇಳಿದಾಗ ಅವಳಮ್ಮ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

"ಹೋಗಬೇಡ" ಎಂದೆ. ಇನ್ನೊಮ್ಮೆ ಹೇಳಿದೆ. "ಹೋಗಬೇಡ ಮಗಳೇ. ನನ್ನ ಜೊತೆ ಇರು. ನಿನ್ನಿಷ್ಟ ಅಲ್ಲ, ನನ್ನಿಷ್ಟ ಇದು. ನೀನಿಲ್ಲದೆ ನನಗೆ ಆಗಲ್ಲ."

ಅವಳು ಚೀಲ ಕೆಳಗಿಡಲಿಲ್ಲ.

"ಇದನ್ನ ಮೊದಲನೇ ದಿನ ಹೇಳೋಕೆ ಏನಾಗಿತ್ತು ನಿಂಗೆ? ಸುಮ್ಮನೆ ಲೈಬ್ರರಿ, ಶವರು, ನಲ್ಲಿ ಅಂತ ಸುತ್ತಿಸಿ ಸುತ್ತಿಸಿ ನನ್ನ ಕಾಲು ಬೀಳಿಸಿದೆ."

"ಹೇಳಿದ್ರೆ ನಿನಗೆ ಕಟ್ಟಿ ಹಾಕಿದ ಹಾಗಾಗುತ್ತೆ ಅಂತ..."

"ನಂಗೆ ಹಾಗೇ ಆಗಬೇಕಿತ್ತು" ಎಂದಳು.

ಆಮೇಲೆ ಬಂದು, ಚಾದರವಿಲ್ಲದ ಹಾಸಿಗೆಯ ಮೇಲೆಯೇ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಒಂದು ವರ್ಷ ನೋಡುತ್ತೇನೆ ಎಂದಳು. ಬೇಡವಾದರೆ ಬೇಡ ಎನ್ನುತ್ತೇನೆ, ಆಗ ಮುಖ ಸಣ್ಣ ಮಾಡಬಾರದು ಎಂದಳು. ನಾನು ಎಲ್ಲಕ್ಕೂ ಹೂಂ ಎಂದೆ. ಅರ್ಜಿ ಎಳೆದುಕೊಂಡು, ಪೆನ್ನು ತೆರೆದು, ಮತ್ತೆ ಮುಚ್ಚಿದಳು.

"ಮೊದಲು ಅತ್ತೆಗೆ ಹೇಳು. ನಾನು ಹೇಳಲ್ಲ. ನನ್ನ ಕೈಲಾಗಲ್ಲ."

ಆರು ವರ್ಷ ಜಡೆ ಹೆಣೆದು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು ಅಕ್ಕ. ಫೋನು ಹಿಡಿದು ಮೆಟ್ಟಿಲಿಗೆ ಹೋದೆ. ಒಂದೇ ರಿಂಗಿಗೆ ಎತ್ತಿದಳು, ಕೈಯಲ್ಲೇ ಹಿಡಿದುಕೊಂಡು ಕೂತಿದ್ದಳೋ ಏನೋ.

"ಅಕ್ಕ, ಅವಳು ಇಲ್ಲೇ ಇರ್ತಾಳೆ."

ಆ ಕಡೆ ಯಾವುದೋ ಪಾತ್ರೆ ಇಟ್ಟ ಸದ್ದು.

"ಅವಳೇ ಹೇಳಿದ್ಲಾ?"

"ನಾನು ಕೇಳ್ಕೊಂಡೆ."

"ಒಳ್ಳೇದಾಯ್ತು ಬಿಡು. ಈಗಲಾದ್ರೂ ಕೇಳಿದ್ಯಲ್ಲ." ಮೂಗು ಎಳೆದುಕೊಂಡಳು. "ಅತ್ಲಾ?"

"ಇಲ್ಲ."

"ಹಾಗಾದ್ರೆ ರಾತ್ರಿ ಅಳ್ತಾಳೆ. ಎದ್ದು ದೀಪ ಹಾಕ್ಬೇಡ, ಏನಾಯ್ತು ಅಂತ ಕೇಳ್ಬೇಡ. ಒಂದು ಲೋಟ ನೀರು ಹತ್ರ ಇಟ್ಟು ನಿನ್ನ ಜಾಗದಲ್ಲಿ ಮಲಕ್ಕೋ. ಎಚ್ಚರ ಇರು, ಆದ್ರೆ ಎಚ್ಚರ ಇದ್ದೀಯ ಅಂತ ಗೊತ್ತಾಗ್ಬಾರ್ದು. ತಿಳೀತಾ?"

"ತಿಳೀತು" ಎಂದೆ. ಅಕ್ಕ ತಾನು ಎಷ್ಟು ರಾತ್ರಿ ಹಾಗೆ ಎಚ್ಚರವಿದ್ದಳು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಫೋನು ಇಟ್ಟಿದ್ದಳು.