ನಿಂತು ಹೊಲಿಯುವ ಟೈಲರಣ್ಣ

"ಅಕ್ಕ, ನಿಮ್ಮ ಯಜಮಾನ್ರು ನಿಂತ್ಕೊಂಡೇ ಹೊಲೀತಿದಾರಂತಲ್ಲ. ಯಾರ ಹತ್ರ ಪಂಥ ಕಟ್ಟಿದಾರೆ?"

ಎದುರುಮನೆಯ ನರ್ಸ್ ಹೀಗೆ ಕೇಳಿದಾಗ ಟೈಲರಣ್ಣನ ಹೆಂಡತಿ ಕಾಜಾ ಹೊಲಿಯುತ್ತಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಸುದ್ದಿ ಸುಳ್ಳಲ್ಲ. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಹೊಲಿದ ಮನುಷ್ಯ, ನಾಲ್ಕು ದಿನದಿಂದ ಮಷಿನನ್ನು ಮರದ ಪೆಟ್ಟಿಗೆಗಳ ಮೇಲೇರಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸುತ್ತಿದ್ದ. ನಿಂತರೆ ಹೊಲಿಗೆ ನೇರ ಬರುತ್ತೆ ಅಂತ ಗಿರಾಕಿಗಳಿಗೆ ಬುರುಡೆ ಬಿಡುತ್ತಿದ್ದ.

ನಿಜ ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಮೂಲವ್ಯಾಧಿ. ಕೂತರೆ ಮುಳ್ಳಿನ ಮೇಲೆ ಕೂತ ಹಾಗೆ. ಯಾರಿಗೂ ತುಟಿ ಬಿಚ್ಚಬೇಡ ಅಂತ ಅಪ್ಪಣೆ ಬೇರೆ. ಆದರೆ ನಿನ್ನೆ, ಅಂಗಡಿಯನ್ನೇ ಮುಚ್ಚಿಬಿಡೋಣ ಅಂದಿದ್ದ. ಅದಕ್ಕೇ ಇವತ್ತು ಎಲ್ಲ ಹೇಳಿಬಿಟ್ಟಳು.

ನರ್ಸ್ ನಗಲಿಲ್ಲ, ಮೂಗು ಮುರಿಯಲಿಲ್ಲ. ಜ್ವರದ ವಿಷಯ ಕೇಳುವ ಹಾಗೆ, ಏನು ಹಚ್ಚುತ್ತಿದ್ದಾರೆ ಅಂತ ಕೇಳಿದಳು. ತಲೆನೋವಿನ ಬಾಮು ಅಂದಾಗ ಮಾತ್ರ ಕಣ್ಣು ಮುಚ್ಚಿಕೊಂಡಳು. ಹಚ್ಚಿದ ಮೇಲೆ ಅವನು ಅಂಗಡಿ ತುಂಬ ಕುಣಿದದ್ದನ್ನು ಹೇಳುತ್ತ ಹೆಂಡತಿಗೇ ನಗು ಬಂತು.

ಇಬ್ಬರೂ ಅಂಗಡಿಗೆ ಹೋದರು. ಟೈಲರಣ್ಣ ಹೆಂಡತಿಯನ್ನು ದುರುಗುಟ್ಟಿ ನೋಡಿದ.

"ಊರಿಗೆಲ್ಲ ಡಂಗುರ ಹೊಡೆದ್ಯಾ?"

"ಊರಿಗಲ್ಲ, ನರ್ಸಮ್ಮಂಗೆ."

ನರ್ಸ್ ಬಿಡಿಸಿ ಹೇಳಿದಳು. ಬಾಮು ಇವತ್ತೇ ಬಿಡಬೇಕು. ಇದಕ್ಕೆ ಇದರದೇ ಮುಲಾಮು ಇದೆ. ಡಾಕ್ಟರು ನೋಡಿ ಬರೆದುಕೊಡುತ್ತಾರೆ. ಕೈ ತೊಳೆದು, ಜಾಗ ತೊಳೆದು, ಮೆತ್ತಗೆ ಒರೆಸಿ, ಸ್ವಲ್ಪವೇ ಹಚ್ಚಬೇಕು. ನೋವು, ತುರಿಕೆ, ಊತ ತಗ್ಗುತ್ತೆ. ಆದರೆ ಹೇಳಿದಷ್ಟೇ ದಿನ, ಹೆಚ್ಚಾದರೆ ಚರ್ಮ ತೆಳುವಾಗಬಹುದು. ಜೊತೆಗೆ ಸೊಪ್ಪು, ತರಕಾರಿ, ಹಣ್ಣು, ಸಾಕಷ್ಟು ನೀರು ಬೇಕು. ಕಕ್ಕಸಿಗೆ ಕೂತಾಗ ತಿಣುಕಬಾರದು, ಗಂಟೆಗೊಮ್ಮೆ ಸ್ಟೂಲು ಬಿಟ್ಟು ಏಳಬೇಕು.

ಅವನು ಕತ್ತರಿ ಆಡಿಸುತ್ತ ನೆಲ ನೋಡಿದ. "ಎಲ್ಲ ಸರಿ ಕಣಮ್ಮ. ಡಾಕ್ಟರ ಮುಂದೆ ಹೆಂಗೆ ತೋರಿಸ್ಲಿ? ಮಾನ ಹೋಗುತ್ತೆ."

"ಅಣ್ಣ, ದಿನಾ ಎಷ್ಟು ಜನರ ಸೊಂಟ ಅಳೀತೀರಾ. ಯಾರನ್ನಾದ್ರೂ ನೋಡಿ ನಕ್ಕಿದೀರಾ?"

"ಛೆ, ಅದು ನನ್ನ ಕೆಲಸ."

"ಡಾಕ್ಟರಿಗೂ ಇದು ಕೆಲಸಾನೇ."

ಕತ್ತರಿ ನಿಂತಿತು. ಹೆಂಡತಿ ನರ್ಸನ್ನು ನೋಡಿದಳು. ನಾಲ್ಕು ದಿನ ತಾನು ಗೋಗರೆದರೂ ಆಗದ್ದನ್ನು ಈ ಹುಡುಗಿ ಎರಡೇ ಮಾತಲ್ಲಿ ಹೊಲಿದುಬಿಟ್ಟಳಲ್ಲ ಅನ್ನಿಸಿತು.

"ಎಷ್ಟೊತ್ತಿಗೆ ಬರ್ಲಿ?" ಅಂದ ಟೈಲರಣ್ಣ.

"ನಾಳೆ ಒಂಬತ್ತಕ್ಕೆ. ಆಸ್ಪತ್ರೆ ಬಾಗಿಲಲ್ಲೇ ಇರ್ತೀನಿ."

ನಿಮಗೂ ಕೂರಲು ಕಷ್ಟವೇ? ಸಿಕ್ಕಿದ್ದನ್ನು ಹಚ್ಚಬೇಡಿ, ಮುಚ್ಚಿಡಬೇಡಿ. ರಕ್ತ ಕಂಡರಂತೂ ತಡಮಾಡದೆ ಡಾಕ್ಟರಿಗೆ ತೋರಿಸಿ. ಟೈಲರಣ್ಣ ನಾಳೆ ಒಂಬತ್ತಕ್ಕೆ ಹೊರಡುತ್ತಾನೆ. ನೀವು?